ಮಳೆಗಾಲಕ್ಕೆ ಮುನ್ನ ಚಾರಣದಾರಿಯನ್ನು ನೋಡುವವರು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಸರ್ಕಾರದ ಕಾಡು, ಗುಡ್ಡ, ಹುಲ್ಲುಗಾವಲುಗಳಲ್ಲಿ ಸ್ವಯಂಸೇವಕರು ಒಟ್ಟಾಗಿ ಹೊಸ ಚಾರಣದಾರಿ ಮಾಡಿದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಗುದ್ದಲಿ ಹಿಡಿದು ನಿಂತ ತರುಣ ತರುಣಿಯರ ಚಿತ್ರ, ಹೊಸದಾಗಿ ಬಣ್ಣ ಬಳಿದ ಫಲಕದ ಚಿತ್ರ ನೋಡಿದಾಗ ನನಗೂ ಸಂತೋಷವಾಗುತ್ತದೆ. ಆದರೆ ಅದೇ ದಾರಿ ಮೂರು ಮಳೆಗಾಲಗಳ ನಂತರ ಹೇಗಿದೆ ಎಂಬ ವರದಿಯನ್ನು ಓದಿದ ನೆನಪು ನನಗಿಲ್ಲ. ಇಂಥ ಒಂದು ದಾರಿಯ ಸುಮಾರು ಎರಡು ಕಿಲೋಮೀಟರ್ ಉದ್ದದ ತುಂಡನ್ನು ಹಲವು ವರ್ಷಗಳಿಂದ ಗೆಳೆಯರೊಂದಿಗೆ ನೋಡಿಕೊಂಡು ಬಂದಿರುವ ನಾನು, ಈ ಕೆಲಸದಲ್ಲಿ ಆಸಕ್ತಿಯುಳ್ಳವರಿಗೂ ಭೂಮಿಯ ಹೊಣೆ ಹೊತ್ತ ಇಲಾಖೆಗಳಿಗೂ ಒಂದು ವಿನಂತಿ ಮಾಡಬಯಸುತ್ತೇನೆ. ದಾರಿಯ ಪ್ರತಿಯೊಂದು ತುಂಡನ್ನೂ ವರ್ಷವರ್ಷವೂ ಕಾಯುವವರು ಇಂಥವರೇ ಎಂದು ಮೊದಲೇ ಗೊತ್ತಾಗದಿದ್ದರೆ, ಎಷ್ಟೇ ಉತ್ಸಾಹವಿದ್ದರೂ, ಹೊಸ ದಾರಿಗೆ ಗುದ್ದಲಿ ಹಾಕಬೇಡಿ.

ದಾರಿಯನ್ನು ಕೆಡಿಸುವುದು ನಡೆಯುವವರ ಕಾಲು ಎಂದು ಬಹಳ ಜನ ತಿಳಿದಿದ್ದಾರೆ. ಕಾಲಿನ ಪಾಲೂ ಇದೆ, ಇಲ್ಲವೆನ್ನಲಾರೆ. ಆದರೆ ಕಾಲು ಮಾಡುವುದು ಹುಲ್ಲನ್ನು ಸವೆಸಿ, ಮಣ್ಣನ್ನು ಗಟ್ಟಿಸಿ, ದಾರಿಯ ನಡುವೆ ಸಣ್ಣದೊಂದು ತಗ್ಗು ಮೂಡಿಸುವಷ್ಟು ಮಾತ್ರ. ಮುಂದಿನದೆಲ್ಲ ನೀರಿನ ಕೆಲಸ. ಗಟ್ಟಿಯಾದ ಮಣ್ಣಿನಲ್ಲಿ ಮಳೆನೀರು ಸುಲಭವಾಗಿ ಇಂಗುವುದಿಲ್ಲ. ತಗ್ಗಿಗಿಳಿದ ನೀರಿಗೆ ಪಕ್ಕಕ್ಕೆ ಹರಿದುಹೋಗಲು ಎಡೆ ಸಿಗದಿದ್ದರೆ ಅದು ದಾರಿಯನ್ನೇ ಕಾಲುವೆ ಮಾಡಿಕೊಂಡು ಇಳಿಜಾರಿನುದ್ದಕ್ಕೂ ಓಡುತ್ತದೆ, ಓಡುತ್ತ ಓಡುತ್ತ ವೇಗ ಪಡೆಯುತ್ತದೆ, ವೇಗ ಪಡೆದಷ್ಟೂ ಮಣ್ಣನ್ನು ಹೊತ್ತೊಯ್ಯುತ್ತದೆ. ‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಉಳಿತಾಯದ ಮಾತಿಗೆ ಬಳಸುತ್ತೇವೆ. ಗುಡ್ಡದ ದಾರಿಯಲ್ಲಿ ನಿಂತು ನೋಡಿದವರಿಗೆ ಅದು ಅಕ್ಷರಶಃ ಕಾಣಿಸುತ್ತದೆ. ಮೊದಲ ವರ್ಷ ಬೆರಳಿನ ಅಗಲದ ಗೀರು ಇದ್ದಲ್ಲಿ ಕೆಲವೇ ವರ್ಷಗಳಲ್ಲಿ ಮೊಣಕಾಲು ಮುಳುಗುವ ಕೊರಕಲು ಬಿದ್ದಿರುತ್ತದೆ. ಕೊರಕಲಿನಲ್ಲಿ ನಡೆಯಲಾಗದೆ ಜನ ಪಕ್ಕದ ಹುಲ್ಲಿನ ಮೇಲೆ ಹೆಜ್ಜೆ ಹಾಕುತ್ತಾರೆ. ಅಲ್ಲೊಂದು ಹೊಸ ತಗ್ಗು ಮೂಡುತ್ತದೆ, ಮುಂದಿನ ಮಳೆಗೆ ಅದೂ ಕೊರಕಲಾಗುತ್ತದೆ. ಹೀಗೆ ಎರಡಡಿ ಅಗಲವಿದ್ದ ಕಾಲುದಾರಿ ಜಡೆ ಬಿಚ್ಚಿಕೊಂಡಂತೆ ನಾಲ್ಕೈದು ಎಳೆಗಳಾಗಿ ಗುಡ್ಡದ ಮೈತುಂಬ ಹರಡುತ್ತದೆ. ಅಷ್ಟಾದ ಮೇಲೆ ಅದನ್ನು ಸರಿಪಡಿಸುವುದು ಹೊಸ ದಾರಿ ಮಾಡುವುದಕ್ಕಿಂತ ಎಷ್ಟೋ ಪಟ್ಟು ಕಷ್ಟ.

ದಾರಿ ಹಾಕುವಾಗಲೇ ನೀರಿನ ಬಗ್ಗೆ ಯೋಚಿಸಿದ್ದರೆ ಈ ತೊಂದರೆಯ ಬಹುಪಾಲು ತಪ್ಪುತ್ತದೆ. ಇದರಲ್ಲಿ ಅನುಭವವುಳ್ಳವರು ಪಾಲಿಸುವ ಕೆಲವು ಲೆಕ್ಕಗಳಿವೆ. ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಅಂದರೆ ಗುಡ್ಡ ನೂರು ಅಡಿಗೆ ಇಪ್ಪತ್ತು ಅಡಿಯಂತೆ ಇಳಿಯುತ್ತಿದ್ದರೆ ಅದರ ಮೇಲಿನ ದಾರಿ ನೂರು ಅಡಿಗೆ ಹತ್ತು ಅಡಿಗಿಂತ ಹೆಚ್ಚು ಏರಬಾರದು; ಏರಿದರೆ ನೀರು ದಾರಿಯನ್ನು ಅಡ್ಡಹಾಯ್ದು ಕೆಳಗಿಳಿಯುವ ಬದಲು ದಾರಿಯನ್ನೇ ಹಿಡಿಯುತ್ತದೆ. ಒಟ್ಟಾರೆ ದಾರಿಯ ಸರಾಸರಿ ಏರು ಶೇ 10ರ ಆಸುಪಾಸಿನಲ್ಲಿದ್ದರೆ ಹೆಚ್ಚಿನ ಮಣ್ಣುಗಳು ತಾಳಿಕೊಳ್ಳುತ್ತವೆ. ನಡೆಯುವ ಪಟ್ಟಿಯನ್ನು ಕಣಿವೆಯ ಕಡೆಗೆ ಶೇ 5ರಷ್ಟು ಓರೆ ಮಾಡಬೇಕು. ಕಾಲಿಗೆ ಅದು ತಿಳಿಯುವುದೇ ಇಲ್ಲ, ನೀರಿಗೆ ತಿಳಿಯುತ್ತದೆ. ಏರುತ್ತ ಹೋಗುವ ದಾರಿಯನ್ನು ಅಲ್ಲಲ್ಲಿ ಸ್ವಲ್ಪ ಇಳಿಸಿ ಮತ್ತೆ ಏರಿಸಿದರೆ ಆ ತಗ್ಗಿನಲ್ಲಿ ನೀರು ತಾನಾಗಿಯೇ ಹೊರಬೀಳುತ್ತದೆ. ಹಳೆಯ ಕಡಿದಾದ ದಾರಿಗಳಲ್ಲಿ ಇದು ಸಾಧ್ಯವಿಲ್ಲದ ಕಡೆ ಕಲ್ಲನ್ನೋ ದಿಮ್ಮಿಯನ್ನೋ ದಾರಿಗೆ ಓರೆಯಾಗಿ ಹೂತು ಅಡ್ಡಗಟ್ಟೆ ಕಟ್ಟುತ್ತಾರೆ. ಆದರೆ ಎಷ್ಟೇ ಚೆನ್ನಾಗಿ ಮಾಡಿದ ದಾರಿಯೂ ತನ್ನಷ್ಟಕ್ಕೆ ತಾನೇ ಉಳಿಯುವುದಿಲ್ಲ. ತರಗೆಲೆ ಬಿದ್ದು ನೀರು ಹೊರಹೋಗುವ ಬಾಯಿ ಮುಚ್ಚುತ್ತದೆ. ನಡೆದು ನಡೆದು ಹೊರ ಅಂಚಿನಲ್ಲಿ ಮಣ್ಣು ದಿಂಡುಗಟ್ಟಿ ನೀರನ್ನು ಒಳಗೇ ತಡೆಯುತ್ತದೆ. ಅಡ್ಡಗಟ್ಟೆಯ ಹಿಂದೆ ಹೂಳು ತುಂಬುತ್ತದೆ. ಮಳೆಗೆ ಮುಂಚೆ ಒಬ್ಬರು ಸನಿಕೆ ಹಿಡಿದು ಹತ್ತು ನಿಮಿಷ ಕೆಲಸ ಮಾಡಿದರೆ ತೆರೆಯುವ ಬಾಯಿ ಅದು. ಮಳೆ ಮುಗಿದ ಮೇಲೆ ಹೋದರೆ ಹತ್ತು ಜನ ಎರಡು ದಿನ ಕಲ್ಲು ಹೊರಬೇಕಾಗುತ್ತದೆ.

ನಮ್ಮ ತಂಡ ಇದನ್ನು ಕಲಿತದ್ದು ತಪ್ಪು ಮಾಡಿಯೇ. ಮೊದಲ ವರ್ಷ ನಾವು ದಾರಿಗೆ ನೇರ ಅಡ್ಡಲಾಗಿ, ಕಿರಿದಾಗಿ, ಆಳವಾಗಿ ಬಸಿಗಾಲುವೆಗಳನ್ನು ತೋಡಿದೆವು. ಆಳವಾಗಿದ್ದರೆ ನೀರು ಹೆಚ್ಚು ಹಿಡಿಯುತ್ತದೆ ಎಂಬುದು ನಮ್ಮ ಎಣಿಕೆಯಾಗಿತ್ತು. ಮೊದಲ ದೊಡ್ಡ ಮಳೆಗೇ ಅವು ಹೂಳು ತುಂಬಿ ನೆಲದ ಮಟ್ಟಕ್ಕೆ ಬಂದವು, ನೀರು ಅವುಗಳ ಮೇಲೆ ಹಾದು ತನ್ನ ಹಳೆಯ ಕೊರಕಲನ್ನೇ ಹಿಡಿಯಿತು. ನಮಗಿಂತ ಮೊದಲಿನಿಂದ ಈ ಕೆಲಸದಲ್ಲಿದ್ದ ಹಿರಿಯರೊಬ್ಬರು ನಮ್ಮನ್ನು ಮಳೆ ಸುರಿಯುತ್ತಿದ್ದಾಗಲೇ ಅಲ್ಲಿಗೆ ಕರೆದೊಯ್ದು, ಕೊಡೆ ಹಿಡಿದು ಸುಮ್ಮನೆ ನಿಂತು ನೀರು ಎಲ್ಲಿ ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಧಾನವಾಗುತ್ತದೆ ಎಂದು ನೋಡಲು ಹೇಳಿದರು. ಆ ಒಂದು ಗಂಟೆ ನಮಗೆ ಕಲಿಸಿದಷ್ಟನ್ನು ಯಾವ ಕೈಪಿಡಿಯೂ ಕಲಿಸಲಿಲ್ಲ. ಬಸಿಗಾಲುವೆ ಅಗಲವಾಗಿ, ಆಳವಿಲ್ಲದೆ, ಓರೆಯಾಗಿ ಇರಬೇಕು. ನೀರು ಅದರಲ್ಲಿ ನಿಲ್ಲಬಾರದು, ತನ್ನ ಹೂಳನ್ನು ತಾನೇ ತೊಳೆದುಕೊಂಡು ಹೋಗುವಷ್ಟು ವೇಗವಾಗಿ ಹರಿಯಬೇಕು. ಹೊರಬಿದ್ದ ಮೇಲೆ ದಾರಿಯ ಕೆಳತಿರುವಿಗೇ ಮತ್ತೆ ಬಂದು ಸೇರದಷ್ಟು ದೂರ ಹೋಗಬೇಕು. ಮರುವರ್ಷ ಎಲ್ಲವನ್ನೂ ಮುಚ್ಚಿ ಮತ್ತೆ ತೋಡಿದೆವು. ಅವುಗಳಲ್ಲಿ ಹೆಚ್ಚಿನವು ಇಂದಿಗೂ ಕೆಲಸ ಮಾಡುತ್ತಿವೆ, ಏಕೆಂದರೆ ಪ್ರತಿ ವರ್ಷ ಎರಡು ಸಲ ನಾವು ಅವುಗಳ ಬಾಯಿ ತೆರೆಯುತ್ತೇವೆ.

ದೊಡ್ಡ ದಾರಿಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಮೆರಿಕದ ಅಪಲಾಚಿಯನ್ ದಾರಿಯ ಕಲ್ಪನೆಯನ್ನು ಬೆಂಟನ್ ಮಕಾಯ್ 1921ರಲ್ಲಿ ಒಂದು ಲೇಖನದಲ್ಲಿ ಮುಂದಿಟ್ಟರು. ಆ ಕಲ್ಪನೆಯನ್ನು ನೆಲಕ್ಕಿಳಿಸಿದವರಲ್ಲಿ ಮುಖ್ಯರಾದ ಮೈರನ್ ಏವರಿ ಎಂಬ ವಕೀಲರು ಗಾಲಿಯೊಂದನ್ನು ತಳ್ಳಿಕೊಂಡು ದಾರಿಯನ್ನು ಅಳೆಯುತ್ತ, ಊರೂರಿನಲ್ಲಿ ಚಾರಣ ಸಂಘಗಳನ್ನು ಹುಟ್ಟುಹಾಕುತ್ತ ಹೋದರು. 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿಲೋಮೀಟರ್ ಉದ್ದದ ಆ ದಾರಿ 1937ರಲ್ಲಿ ಪೂರ್ಣವಾಯಿತು. ಮರುವರ್ಷವೇ, 1938ರಲ್ಲಿ, ದೊಡ್ಡ ಚಂಡಮಾರುತವೊಂದು ಈಶಾನ್ಯ ಭಾಗದಲ್ಲಿ ಮೈಲುಗಟ್ಟಲೆ ಮರಗಳನ್ನು ದಾರಿಯ ಮೇಲೆ ಕೆಡವಿತು. ಅನಂತರ ಎರಡನೆಯ ಮಹಾಯುದ್ಧ ಬಂತು. ಗರಗಸ ಹಿಡಿಯುತ್ತಿದ್ದ ಕೈಗಳು ಬೇರೆ ಕಡೆ ಹೋದವು, ದಾರಿ ಹಲವೆಡೆ ಪೊದೆಗಳಲ್ಲಿ ಕಾಣೆಯಾಯಿತು. ಆ ದಾರಿ ಮತ್ತೆ ಮೊದಲಿನಿಂದ ಕೊನೆಯವರೆಗೆ ನಡೆಯುವಂತಾದದ್ದು 1951ರಲ್ಲಿ. ಕಟ್ಟಲು ಹದಿನಾರು ವರ್ಷ ಹಿಡಿದ ದಾರಿಯನ್ನು ಬರಿದೇ ಮತ್ತೆ ತೆರೆಯಲು ಹದಿಮೂರು ವರ್ಷ ಬೇಕಾಯಿತು ಎಂಬುದನ್ನು ಉದ್ಘಾಟನೆಯ ಆತುರದಲ್ಲಿರುವವರು ದಯವಿಟ್ಟು ಗಮನಿಸಬೇಕು. ಇಂದು ಆ ದಾರಿ ಉಳಿದಿರುವುದು ಒಂದೊಂದು ತುಂಡನ್ನು ಒಂದೊಂದು ಸಂಘ ವಹಿಸಿಕೊಂಡಿರುವುದರಿಂದ. ಅಂಥ ಸಂಘಗಳು ಮೂವತ್ತರಷ್ಟಿವೆ. ಸಂಘದೊಳಗೆ ಮತ್ತೆ ಸಣ್ಣ ತುಂಡುಗಳಾಗಿ ಹಂಚಿ, ಇಷ್ಟು ದೂರ ಇಂಥವರದ್ದು ಎಂದು ವ್ಯಕ್ತಿಗಳಿಗೇ ವಹಿಸುತ್ತಾರೆ. ತನ್ನದು ಎಂದು ಒಬ್ಬರಿಗೆ ಅನ್ನಿಸಿದ ಅರ್ಧ ಮೈಲಿಯನ್ನು ಅವರು ತಮ್ಮ ಮನೆಯಂಗಳದಂತೆ ಬಲ್ಲರು. ಎಲ್ಲರದೂ ಆದ ಮೂರು ಸಾವಿರ ಕಿಲೋಮೀಟರ್ ಮಾತ್ರ ಇದ್ದಿದ್ದರೆ ಅದು ಯಾರದೂ ಆಗುತ್ತಿರಲಿಲ್ಲ.

ಬೇರೆ ದೇಶಗಳಲ್ಲಿ ಈ ಹೊಣೆಯನ್ನು ಬೇರೆ ರೀತಿಯಲ್ಲಿ ಹಂಚಿದ್ದಾರೆ. ನಾರ್ವೆಯಲ್ಲಿ 1868ರಲ್ಲಿ ಹುಟ್ಟಿದ ಚಾರಣ ಸಂಘ ಇಂದಿಗೂ ಸಾವಿರಾರು ಸ್ವಯಂಸೇವಕರ ಕೈಯಿಂದ ಬೆಟ್ಟದ ದಾರಿಗಳಲ್ಲಿ ಕೆಂಪು ‘ಟಿ’ ಗುರುತುಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಸುತ್ತದೆ. ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ 1872ರಿಂದ ಒಂದು ಕ್ಲಬ್ ಇದೇ ಕೆಲಸ ಮಾಡಿಕೊಂಡು ಬಂದಿದೆ. ಸ್ವಿಟ್ಜರ್ಲೆಂಡಿನ ಜನ 1979ರಲ್ಲಿ ಮತದಾನ ಮಾಡಿ ಕಾಲುದಾರಿಗಳ ವಿಷಯವನ್ನು ತಮ್ಮ ಸಂವಿಧಾನದಲ್ಲೇ ಸೇರಿಸಿದರು. ಸುಮಾರು 65,000 ಕಿಲೋಮೀಟರ್ ದಾರಿಯ ಹಳದಿ ಫಲಕಗಳು ಅಲ್ಲಿ ದೇಶದುದ್ದಕ್ಕೂ ಒಂದೇ ಬಗೆಯಾಗಿವೆ. ಇಂಗ್ಲೆಂಡಿನ ಪೆನೈನ್ ವೇ ಉದಾಹರಣೆ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಟಾಮ್ ಸ್ಟೀಫನ್ಸನ್ 1935ರಲ್ಲಿ ಸೂಚಿಸಿದ, 1965ರಲ್ಲಿ ಅಧಿಕೃತವಾಗಿ ತೆರೆದ, ಸುಮಾರು 430 ಕಿಲೋಮೀಟರ್ ಉದ್ದದ ಈ ದಾರಿ ಹಲವೆಡೆ ಪೀಟ್ ಎಂಬ ಮೆತ್ತನೆಯ ಕಪ್ಪು ಜೌಗುಮಣ್ಣಿನ ಮೇಲೆ ಹಾಯುತ್ತದೆ. ನಡೆಯುವವರು ಹೆಚ್ಚಿದಂತೆ ಆ ಮಣ್ಣು ಕೆಸರಾಗಿ, ಕೆಸರು ತಪ್ಪಿಸಲು ಜನ ಪಕ್ಕ ಪಕ್ಕಕ್ಕೆ ಸರಿದು, ದಾರಿ ರಸ್ತೆಗಿಂತ ಅಗಲವಾದ ಕಪ್ಪು ಗಾಯದಂತಾಯಿತು. ಕೊನೆಗೆ ಮುಚ್ಚಿಹೋದ ಹಳೆಯ ಹತ್ತಿಗಿರಣಿಗಳ ನೆಲದ ಚಪ್ಪಡಿಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತಂದು ಹಾಸಬೇಕಾಯಿತು. ಗುಡ್ಡದ ಮೇಲೆ ಚಪ್ಪಡಿ ಹಾಸುವುದೇ ತಪ್ಪು, ಕಾಡುತನ ಕೆಟ್ಟಿತು ಎಂದು ಆಕ್ಷೇಪಿಸಿದವರೂ ಇದ್ದಾರೆ. ಅವರ ಭಾವನೆ ನನಗೆ ಅರ್ಥವಾಗುತ್ತದೆ. ಆದರೆ ಚಪ್ಪಡಿಯ ಎರಡೂ ಬದಿ ಹುಲ್ಲು ಮತ್ತೆ ಚಿಗುರಿದೆ, ಮತ್ತು ಆ ಹುಲ್ಲೇ ನನಗೆ ಹೆಚ್ಚು ಮುಖ್ಯ.

ಇನ್ನು ಇಲಾಖೆಗಳಿಗೆ ಒಂದು ಮಾತು. ಸ್ವಯಂಸೇವಕರ ದುಡಿಮೆ ಬಿಟ್ಟಿ ದುಡಿಮೆಯಲ್ಲ. ಸಂಬಳವಿಲ್ಲ ಎಂದ ಮಾತ್ರಕ್ಕೆ ಖರ್ಚಿಲ್ಲ ಎಂದಾಗುವುದಿಲ್ಲ. ಹಾರೆ, ಪಿಕಾಸಿ, ಗರಗಸಗಳು ಬೇಕು, ಅವನ್ನು ಹರಿತವಾಗಿಡುವವರು ಬೇಕು; ಕೆಲಸ ಕಲಿಸುವವರು, ಪ್ರಥಮ ಚಿಕಿತ್ಸೆ ಬಲ್ಲವರು ಬೇಕು; ಗಾಯವಾದರೆ ಹೊಣೆ ಯಾರದೆಂದು ಮೊದಲೇ ಬರಹದಲ್ಲಿರಬೇಕು. ಅಮೆರಿಕದಲ್ಲಿ 1972ರಲ್ಲಿ ಬಂದ ರಾಷ್ಟ್ರೀಯ ಅರಣ್ಯಗಳ ಸ್ವಯಂಸೇವಕರ ಕಾಯ್ದೆ, ನೋಂದಾಯಿತ ಸ್ವಯಂಸೇವಕರು ಕೆಲಸದಲ್ಲಿ ಗಾಯಗೊಂಡರೆ ಅವರನ್ನು ಸರ್ಕಾರಿ ನೌಕರರಂತೆಯೇ ಪರಿಗಣಿಸಿ ಪರಿಹಾರಕ್ಕೆ ಅವಕಾಶ ಕೊಟ್ಟಿದೆ. ಇಂಥ ಭರವಸೆ ಇಲ್ಲದ ಕಡೆ ಕೆಲಸಕ್ಕೆ ಕರೆಯುವುದು ನ್ಯಾಯವಲ್ಲ. ನಮ್ಮ ಗೆಳೆಯರೊಬ್ಬರ ಕಾಲಿನ ಮೇಲೆ ಕಲ್ಲು ಉರುಳಿ ಮೂಳೆ ಮುರಿದಾಗ, ಯಾರ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ. ಆಸ್ಪತ್ರೆಯ ಖರ್ಚನ್ನು ನಾವೇ ಕೂಡಿಸಿದೆವು. ಅಂದಿನಿಂದ ಹೆಸರು ಬರೆಸದೆ ಯಾರ ಕೈಗೂ ನಾವು ಹಾರೆ ಕೊಡುವುದಿಲ್ಲ. ಹಾಗೆಯೇ, ಸ್ವಯಂಸೇವಕರು ಸಿಕ್ಕರೆಂದು ಇಲಾಖೆಯ ಕಾಯಂ ಕೆಲಸಗಾರರನ್ನು ತೆಗೆಯುವುದು ದಾರಿಗೂ ಕೇಡು, ಸ್ವಯಂಸೇವೆಗೂ ಕೇಡು. ನಲವತ್ತು ಜನ ಉತ್ಸಾಹಿಗಳು ಒಂದು ಭಾನುವಾರ ಬಂದು ನಿಂತರೆ ಅವರಿಗೆ ಎಲ್ಲಿ ಏನು ಮಾಡಬೇಕೆಂದು ತೋರಿಸುವ ಒಬ್ಬ ಬಲ್ಲವರಿಲ್ಲದಿದ್ದರೆ ಆ ದಿನ ಒಳಿತಿಗಿಂತ ಕೆಡುಕೇ ಹೆಚ್ಚಾಗಬಹುದು.

ಕೆಡುಕು ಎಂದೆ, ಅದನ್ನು ಬಿಡಿಸಿ ಹೇಳಬೇಕು. ಸಾರ್ವಜನಿಕ ಭೂಮಿ ಎಲ್ಲರದು ಎಂಬುದರ ಅರ್ಥ ಯಾರು ಬೇಕಾದರೂ ಕಡಿಯಬಹುದು ಎಂದಲ್ಲ. ಅನುಮತಿಯಿಲ್ಲದೆ, ಸದುದ್ದೇಶದಿಂದಲೇ, ಗುಟ್ಟಾಗಿ ದಾರಿ ಕಡಿದ ತಂಡಗಳನ್ನು ನಾನು ಬಲ್ಲೆ. ಆ ದಾರಿಗಳು ಹೆಚ್ಚಾಗಿ ನೇರವಾಗಿ ಗುಡ್ಡ ಹತ್ತುತ್ತವೆ, ಏಕೆಂದರೆ ಅಳೆದು ನೋಡಿದವರಿಲ್ಲ. ಪ್ರಾಣಿಗಳು ನೀರಿಗೆ ಬರುವ ಜಾಗ, ಹಕ್ಕಿಗಳು ಗೂಡು ಕಟ್ಟುವ ಪೊದೆ, ಅಪರೂಪದ ಗಿಡ ಬೆಳೆಯುವ ಮೂಲೆ ಯಾವುದೆಂದು ಕೇಳಿ ತಿಳಿದವರಿಲ್ಲ. ದಾರಿ ಒಮ್ಮೆ ಬಿದ್ದರೆ ಅದರ ಹಿಂದೆ ಜನ, ನಾಯಿ, ಕಳೆಗಿಡಗಳ ಬೀಜ ಎಲ್ಲವೂ ಬರುತ್ತವೆ. ನ್ಯೂಜಿಲೆಂಡಿನಲ್ಲಿ ಕೌರಿ ಎಂಬ ಮಹಾವೃಕ್ಷಗಳನ್ನು ಬೇರಿನಿಂದ ಕೊಲ್ಲುವ ರೋಗವೊಂದು ಮಣ್ಣಿನ ಮೂಲಕ ಹರಡುತ್ತದೆ. ಚಾರಣಿಗರ ಬೂಟಿಗೂ ಕೆಲಸಗಾರರ ಸಲಕರಣೆಗಳಿಗೂ ಅಂಟಿದ ಒಂದಿಷ್ಟು ಮಣ್ಣು ಸಾಕು. ಅದಕ್ಕಾಗಿ ಅಲ್ಲಿ ಹಲವು ದಾರಿಗಳನ್ನು ಮುಚ್ಚಿದ್ದಾರೆ, ಉಳಿದವುಗಳ ಬಾಯಲ್ಲಿ ಬೂಟು ಉಜ್ಜಿ ಸೋಂಕುನಾಶಕ ಹಾಕುವ ವ್ಯವಸ್ಥೆ ಮಾಡಿದ್ದಾರೆ, ಬೇರುಗಳ ಮೇಲೆ ಕಾಲಿಡದಂತೆ ಮರದ ಅಟ್ಟಣೆ ಕಟ್ಟಿದ್ದಾರೆ. ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗುವಾಗ ಗುದ್ದಲಿ ತೊಳೆಯುವ ಅಭ್ಯಾಸವನ್ನು ಎಲ್ಲ ತಂಡಗಳೂ ರೂಢಿಸಿಕೊಳ್ಳಬೇಕು. ಹಾಗೆಯೇ, ಬೇಡವಾದ ದಾರಿಯನ್ನು ಮುಚ್ಚುವುದೂ ಸ್ವಯಂಸೇವೆಯೇ. ಸವೆದ ಅಡ್ಡದಾರಿಯ ಗಟ್ಟಿ ಮಣ್ಣನ್ನು ಸಡಿಲಿಸಿ, ಅದೇ ಜಾಗದ ಗಿಡಗಳನ್ನು ನೆಟ್ಟು, ಬಿದ್ದ ಕೊಂಬೆಗಳನ್ನು ಹರಡಿ ಕಣ್ಣಿಗೆ ಕಾಣದಂತೆ ಮಾಡುವ ಕೆಲಸಕ್ಕೆ ಯಾರೂ ಉದ್ಘಾಟನೆ ಇಡುವುದಿಲ್ಲ. ಆದರೆ ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಅಂಥ ಒಂದು ದಾರಿಯ ಮೇಲೆ ನಾಲ್ಕನೆಯ ವರ್ಷ ಹುಲ್ಲು ಮೊಣಕಾಲೆತ್ತರ ಬೆಳೆದದ್ದು.

ಈ ಕೆಲಸಕ್ಕೆ ತೋಳ್ಬಲವೇ ಬೇಕೆಂದು ಹಿಂಜರಿಯುವವರಿಗೂ ಹೇಳಬೇಕಾದದ್ದಿದೆ. ಬಂಡೆ ಹೊರಳಿಸಲು, ಬಿದ್ದ ಮರ ಕೊಯ್ಯಲು ಬಲವೂ ತರಬೇತಿಯೂ ಬೇಕು, ನಿಜ. ಒತ್ತಡದಲ್ಲಿ ಬಾಗಿ ಬಿದ್ದ ಮರ ಗರಗಸದ ಹಲ್ಲು ತಾಗಿದೊಡನೆ ಯಾವ ಕಡೆ ಚಿಮ್ಮುತ್ತದೆಂದು ಬಲ್ಲವರೇ ಅದನ್ನು ಮುಟ್ಟಬೇಕು. ಅಮೆರಿಕದಲ್ಲಿ 1964ರ ಕಾಯ್ದೆಯಡಿ ರಕ್ಷಿತವಾದ ಕಾಡುಗಳಲ್ಲಿ ಯಂತ್ರದ ಗರಗಸ ಬಳಸುವಂತಿಲ್ಲವಾದ್ದರಿಂದ ಇಬ್ಬರು ಎರಡು ತುದಿ ಹಿಡಿದು ಎಳೆಯುವ ಉದ್ದ ಗರಗಸದ ವಿದ್ಯೆಯನ್ನು ಸ್ವಯಂಸೇವಕರು ಇಂದಿಗೂ ಉಳಿಸಿಕೊಂಡಿದ್ದಾರೆ. ಆದರೆ ದಾರಿಗೆ ಬಾಗಿದ ಕೊಂಬೆಯನ್ನು ಗಂಟಿನ ಹತ್ತಿರ ನೀಟಾಗಿ ಕತ್ತರಿಸಲು, ತರಗೆಲೆ ಬಳಿಯಲು, ಮಾಸಿದ ಗುರುತಿಗೆ ಬಣ್ಣ ಹಚ್ಚಲು, ಎಲ್ಲಿ ಏನಾಗಿದೆಯೆಂದು ನಡೆದು ನೋಡಿ ಚಿತ್ರದೊಂದಿಗೆ ಬರೆದು ಕಳಿಸಲು ಯಾವ ವಯಸ್ಸೂ ಅಡ್ಡಿಯಲ್ಲ. ನಮ್ಮ ತಂಡದಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರು ಪ್ರತಿ ತಿಂಗಳೂ ದಾರಿಯುದ್ದಕ್ಕೂ ನಡೆದು ನೋಟ್‌ಬುಕ್ಕಿನಲ್ಲಿ ಬರೆದಿಡುವ ವಿವರವೇ ನಮ್ಮ ವರ್ಷದ ಕೆಲಸದ ಪಟ್ಟಿಯ ಆಧಾರ. ಯಾವ ಅಡ್ಡಗಟ್ಟೆ ಯಾವ ವರ್ಷ ಸಡಿಲವಾಯಿತು ಎಂದು ಅವರ ಪುಟ ತಿರುಗಿಸಿದರೆ ಗೊತ್ತಾಗುತ್ತದೆ. ಬರೀ ನಡೆಯಲು ಬರುವವರೂ ಒಂದಿಷ್ಟು ಸಹಾಯ ಮಾಡಬಹುದು. ಕೆಸರಿದ್ದರೆ ಪಕ್ಕಕ್ಕೆ ಸರಿಯದೆ ಕೆಸರಿನಲ್ಲೇ ನಡೆಯಲಿ, ಬೂಟು ತೊಳೆದರೆ ಹೋಗುತ್ತದೆ; ತಿರುವುಗಳನ್ನು ಬಿಟ್ಟು ನೇರವಾಗಿ ಇಳಿಯದಿರಲಿ; ಆಟಕ್ಕೆಂದು ಕಲ್ಲುಗುಡ್ಡೆ ಪೇರಿಸದಿರಲಿ, ಮಂಜಿನಲ್ಲಿ ಅದನ್ನೇ ದಾರಿಯ ಗುರುತೆಂದು ನಂಬಿ ಹೋಗುವವರಿದ್ದಾರೆ.

ಆದ್ದರಿಂದ ನನ್ನ ವಿನಂತಿಯನ್ನು ಇಷ್ಟರಲ್ಲಿ ಮುಂದಿಡುತ್ತೇನೆ. ಹೊಸ ದಾರಿಗೆ ಒಪ್ಪಿಗೆ ಕೊಡುವ ಕಚೇರಿ, ನಕ್ಷೆಯ ಜೊತೆಗೆ ಮುಂದಿನ ಐದು ವರ್ಷಗಳ ಆರೈಕೆಯ ಪಟ್ಟಿಯನ್ನೂ ಕೇಳಲಿ. ಯಾವ ತುಂಡು ಯಾರದು, ವರ್ಷಕ್ಕೆ ಎಷ್ಟು ಸಲ ನೋಡುತ್ತಾರೆ, ಸಲಕರಣೆ ಎಲ್ಲಿಡುತ್ತಾರೆ ಎಂಬುದು ಅದರಲ್ಲಿರಲಿ. ತಂಡವೊಂದು ಚದುರಿಹೋದರೆ ಆ ತುಂಡನ್ನು ಬೇರೆಯವರಿಗೆ ವಹಿಸುವವರೆಗೆ ದಾರಿಯನ್ನು ಮುಚ್ಚುವ ಧೈರ್ಯವೂ ಇಲಾಖೆಗಿರಲಿ. ಸ್ವಯಂಸೇವಕರ ಹೆಸರು, ಅವರ ಕೆಲಸದ ಗಂಟೆಗಳು ದಾಖಲಾಗಲಿ. ಇದು ಬರಿಯ ಗೌರವಕ್ಕಲ್ಲ, ಅವರ ಸುರಕ್ಷತೆಗೆ ಮತ್ತು ಮುಂದಿನ ವರ್ಷದ ಹಣದ ಬೇಡಿಕೆಗೆ ಅದೇ ಆಧಾರ. ಸೇರಲು ಬಯಸುವ ಓದುಗರು ತಮ್ಮ ಸುತ್ತಲಿನ ಸಾರ್ವಜನಿಕ ಭೂಮಿಯ ಹೊಣೆ ಯಾರದೆಂದು ಮೊದಲು ವಿಚಾರಿಸಲಿ, ಈಗಾಗಲೇ ಇರುವ ತಂಡವೊಂದನ್ನು ಹುಡುಕಲಿ, ಮತ್ತು ಒಂದು ದಿನದ ಕಾರ್ಯಕ್ರಮಕ್ಕೆ ಬಂದು ಹೋಗುವುದಕ್ಕಿಂತ ಒಂದು ಸಣ್ಣ ತುಂಡನ್ನು ಕೆಲವು ವರ್ಷ ನೋಡಿಕೊಳ್ಳುವ ಮಾತು ಕೊಡಲಿ.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಮುಂದಿನ ಸಲ ಹೊಸ ಚಾರಣದಾರಿಯೊಂದರ ಉದ್ಘಾಟನೆಯ ಸುದ್ದಿ ಪ್ರಕಟಿಸುವಾಗ, ಆ ದಿನಾಂಕವನ್ನು ಕಚೇರಿಯ ದಿನಚರಿಯಲ್ಲಿ ಗುರುತು ಮಾಡಿಟ್ಟುಕೊಂಡು, ಸರಿಯಾಗಿ ಮೂರು ವರ್ಷದ ಮೇಲೆ, ಮಳೆ ನಿಂತ ವಾರದಲ್ಲಿ, ವರದಿಗಾರರೊಬ್ಬರನ್ನೂ ಛಾಯಾಗ್ರಾಹಕರೊಬ್ಬರನ್ನೂ ಅಲ್ಲಿಗೆ ಕಳುಹಿಸಿ. ಫಲಕದ ಬಳಿ ನಿಲ್ಲದೆ ದಾರಿಯ ಅತ್ಯಂತ ಕಡಿದಾದ ತಿರುವಿನವರೆಗೆ ಹೋಗಿ, ಅಲ್ಲಿನ ಬಸಿಗಾಲುವೆಯ ಬಾಯಿ ತೆರೆದಿದೆಯೇ ಎಂದು ನೋಡಿ, ಅದರ ಚಿತ್ರವನ್ನು ಮೊದಲ ಚಿತ್ರದ ಪಕ್ಕದಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಾರಣದಾರಿಯ ಒಬ್ಬ ಸ್ವಯಂಸೇವಕ